ಹುಬ್ಬಳ್ಳಿ ರೈಲ್ವೆ ಮ್ಯೂಸಿಯಂ: ಒಳಗೆ ಹೋಗುವ ಮುಂಚೆ ತಿಳಿದಿರಬೇಕಾದ ಕೆಲವು ಸಂಗತಿ

ಹುಬ್ಬಳ್ಳಿ ಸ್ಟೇಷನ್ನಿಗೆ ಗದಗ ರಸ್ತೆ ಕಡೆಯಿಂದಲೂ ಒಂದು ಬಾಗಿಲಿದೆ. ಅದರ ಹತ್ತಿರ, ರೈಲ್ವೆ ಆಸ್ಪತ್ರೆಯ ಎದುರಿಗೆ, ನೂರು ವರ್ಷ ದಾಟಿದ ಎರಡು ಹಳೆ ಮನೆಗಳನ್ನು ರಿಪೇರಿ ಮಾಡಿ ರೈಲ್ವೆ ಮ್ಯೂಸಿಯಂ ಮಾಡಿದ್ದಾರೆ. ಒಂದಕ್ಕೆ ಮಲಪ್ರಭಾ, ಇನ್ನೊಂದಕ್ಕೆ ಘಟಪ್ರಭಾ ಅಂತ ಹೆಸರು. ಅಂಗಳದಲ್ಲಿ ಹಳೆ ಎಂಜಿನ್, ಡಬ್ಬಿಗಳು ನಿಂತಿವೆ. ಉತ್ತರ ಕರ್ನಾಟಕಕ್ಕೆ ಇದೇ ಮೊದಲ ರೈಲ್ವೆ ಮ್ಯೂಸಿಯಂ. ಬಾಗಿಲು ತೆರೆದದ್ದು 2020ರ ಆಗಸ್ಟಿನಲ್ಲಿ. ಆಗ ಕೊರೊನಾ ಕಾಲ. ಹಾಗಾಗಿ ಊರಿನಲ್ಲೇ ಎಷ್ಟೋ ಜನಕ್ಕೆ ಇದು ತಡವಾಗಿ ಗೊತ್ತಾಯಿತು.

ಈಗ ಸೂಟಿ ಬಂದರೆ ಸಾಕು, ಮಕ್ಕಳನ್ನು ಕರೆದುಕೊಂಡು ಬರುವವರು ಜಾಸ್ತಿ. ಎಂಜಿನ್ ಮುಂದೆ ಫೋಟೊ, ಒಳಗೊಂದು ಸುತ್ತು, ಆಮೇಲೆ ಚಹಾ. ಅದರಲ್ಲಿ ತಪ್ಪೇನಿಲ್ಲ. ಆದರೆ 2023ರಲ್ಲಿ ಧಾರವಾಡ-ಬೆಂಗಳೂರು ವಂದೇ ಭಾರತ್ ಶುರುವಾದ ಮೇಲೆ ರೈಲು ಕಂಡ ಮಕ್ಕಳು ಇವರು. ಗಾಜಿನ ಪೆಟ್ಟಿಗೆಯಲ್ಲಿನ ಕಬ್ಬಿಣದ ಚೆಂಡು, ಬೆತ್ತದ ಬಳೆ, ರಟ್ಟಿನ ಟಿಕೆಟ್ ಕಂಡು "ಇದೇನಿದು?" ಅಂತ ಕೇಳುತ್ತಾರೆ. ದೊಡ್ಡವರು "ಹಳೇ ಕಾಲದ್ದು" ಅಂದು ಮುಂದೆ ನಡೆಯುತ್ತಾರೆ. ಪಕ್ಕದ ಚೀಟಿಯಲ್ಲಿ ಹೆಸರು ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ, ಅಲ್ವಾ?

ಇಂಥ ಜಾಗ ನೋಡಲು ಒಂದು ಸುಲಭ ದಾರಿ ಇದೆ. ಅಲ್ಲಿರುವ ಪ್ರತಿ ವಸ್ತುವೂ ಯಾವುದೋ ಒಂದು ತೊಂದರೆಗೆ ಕಂಡುಕೊಂಡ ಉಪಾಯ. ಆ ತೊಂದರೆ ಏನಿತ್ತು ಅಂತ ಗೊತ್ತಾದರೆ ವಸ್ತು ತಾನೇ ಅರ್ಥವಾಗುತ್ತದೆ. ಕಟ್ಟಡಕ್ಕೂ ಇದೇ ಮಾತು.

ಈ ಕಡೆ ರೈಲು ಯಾಕೆ ಬಂತು?

ಬರ ಮತ್ತು ಹತ್ತಿ, ಎರಡೇ ಕಾರಣ ಅಂದರೂ ನಡೆಯುತ್ತದೆ.

1876ರಿಂದ 1878ರವರೆಗೆ ದಕ್ಷಿಣ ಭಾರತದಲ್ಲಿ ಭೀಕರ ಬರ ಬಿತ್ತು. ಧಾತು, ಈಶ್ವರ ಸಂವತ್ಸರಗಳಲ್ಲಿ ಬಂದಿದ್ದರಿಂದ ಜನ ಅದನ್ನು ಧಾತು ಈಶ್ವರ ಬರ ಅಂತಲೇ ಕರೆದರು. ವಿಜಯಪುರ, ಧಾರವಾಡ, ಬಳ್ಳಾರಿ ಸೀಮೆ ತತ್ತರಿಸಿ ಹೋಯಿತು. ಬೇರೆ ಕಡೆ ಕಾಳು ಇದ್ದರೂ ಇಲ್ಲಿಗೆ ತರುವ ದಾರಿ ಇರಲಿಲ್ಲ. ಎತ್ತಿನ ಗಾಡಿಯಲ್ಲಿ ತರಬೇಕು. ದಾರಿಯಲ್ಲಿ ಎತ್ತಿಗೆ ಮೇವಿಲ್ಲ, ನೀರಿಲ್ಲ. ದೂರ ಹೆಚ್ಚಾದಷ್ಟೂ ಗಾಡಿ ಹೊರಡುವುದೇ ಕಷ್ಟ. ಬರದ ನಂತರ ಬ್ರಿಟಿಷ್ ಸರ್ಕಾರ ರಿಚರ್ಡ್ ಸ್ಟ್ರಾಚಿ ಎಂಬುವರ ಮುಂದಾಳತ್ವದಲ್ಲಿ ಒಂದು ಆಯೋಗ ಕೂರಿಸಿತು. ದೇಶದಲ್ಲಿ ಇನ್ನೂ 5,000 ಮೈಲಿ ರೈಲು ಹಾದಿ ಬೇಗ ಆಗಬೇಕು ಅಂತ 1880ರಲ್ಲಿ ಆ ಆಯೋಗ ಹೇಳಿತು.

ಇನ್ನು ಹತ್ತಿ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತುಹೋಯಿತು. ಗಿರಣಿ ಮಾಲೀಕರ ಕಣ್ಣು ನಮ್ಮ ಎರೆ ಹೊಲಗಳ ಮೇಲೆ ಬಿತ್ತು. ಹುಬ್ಬಳ್ಳಿ, ಗದಗ ಕಡೆಯ ಹತ್ತಿ ಘಟ್ಟ ಇಳಿದು ಕುಮಟಾ, ಕಾರವಾರದ ಬಂದರಿಗೆ ಹೋಗುತ್ತಿದ್ದದ್ದು ಚಕ್ಕಡಿಯಲ್ಲಿ. ಮಳೆಗಾಲ ಬಂತೆಂದರೆ ದಾರಿ ಬಂದ್.

ಇವೆರಡಕ್ಕೂ ಉತ್ತರವಾಗಿ ಬಂದದ್ದು ಸದರ್ನ್ ಮರಾಠಾ ರೈಲ್ವೆ ಎಂಬ ಕಂಪನಿ. ಶುರುವಾದದ್ದು 1882ರಲ್ಲಿ, ಮುಖ್ಯ ಕಚೇರಿ ಧಾರವಾಡದಲ್ಲಿ. ಹೌದು, ರೈಲು ಓಡಿಸುತ್ತಿದ್ದದ್ದು ಖಾಸಗಿ ಕಂಪನಿ. ದುಡ್ಡು ಇಂಗ್ಲೆಂಡಿನ ಷೇರುದಾರರದ್ದು. ಲಾಭ ಬರಲಿ ಬಿಡಲಿ, ಇಷ್ಟು ಬಡ್ಡಿ ಕೊಟ್ಟೇ ಕೊಡುತ್ತೇವೆ ಅಂತ ಸರ್ಕಾರ ಅವರಿಗೆ ಖಾತ್ರಿ ಕೊಟ್ಟಿತ್ತು. ಆ ಬಡ್ಡಿ ಹೋಗುತ್ತಿದ್ದದ್ದು ಇಲ್ಲಿನ ಬೊಕ್ಕಸದಿಂದ.

1884ರಲ್ಲಿ ಸೊಲ್ಲಾಪುರದ ಹತ್ತಿರದ ಹೊಟಗಿಯಿಂದ ಗದಗಿನವರೆಗೆ ಗಾಡಿ ಬಂತು. ಅದೇ ದಶಕದಲ್ಲಿ ಹುಬ್ಬಳ್ಳಿ, ಧಾರವಾಡ, ಲೋಂಡಾ ಎಲ್ಲ ಜೋಡಿಯಾದವು. ಗೋವಾ ಆಗ ಪೋರ್ಚುಗೀಸರ ಕೈಯಲ್ಲಿತ್ತು. ಬ್ರಿಟಿಷರೂ ಪೋರ್ಚುಗೀಸರೂ 1878ರಲ್ಲಿ ಮಾಡಿಕೊಂಡ ಒಪ್ಪಂದದ ಪ್ರಕಾರ ಮುರ್ಮಗೋವಾ ಬಂದರಿನಿಂದ ಇನ್ನೊಂದು ಕಂಪನಿ ಹಳಿ ಹಾಕುತ್ತ ಘಟ್ಟ ಹತ್ತಿತು. ಕ್ಯಾಸಲ್‌ರಾಕ್‌ನಲ್ಲಿ ಎರಡೂ ಕೂಡಿಕೊಂಡವು. ಹತ್ತಿಗೆ ಬಂದರಿನ ದಾರಿ ಸಿಕ್ಕಿತು. ಎಂಜಿನ್, ಡಬ್ಬಿ ರಿಪೇರಿಗೆ ಹುಬ್ಬಳ್ಳಿಯಲ್ಲಿ ವರ್ಕ್‌ಶಾಪ್ ಎದ್ದಿತು. ಅದರ ಸುತ್ತ ರೈಲ್ವೆ ಕಾಲೋನಿ ಬೆಳೆಯಿತು. ಮಲಪ್ರಭಾ, ಘಟಪ್ರಭಾದಂಥ ಮನೆಗಳು ಆ ಬೆಳವಣಿಗೆಯ ಭಾಗ.

ಅಕ್ಷರ ನೋಡಿ ವಯಸ್ಸು ಹೇಳಬಹುದು

ಮ್ಯೂಸಿಯಂನಲ್ಲಿ ಮಕ್ಕಳ ಜೊತೆ ಆಡಬಹುದಾದ ಒಂದು ಆಟ ಇದು. ರೈಲ್ವೆಯವರು ತಮ್ಮ ಸಾಮಾನಿನ ಮೇಲೆಲ್ಲ ಕಂಪನಿಯ ಅಕ್ಷರ ಹೊಡೆಸುತ್ತಿದ್ದರು. ಲಾಟೀನು, ಕುರ್ಚಿ, ಗಡಿಯಾರ, ಪಿಂಗಾಣಿ ತಟ್ಟೆ, ಬೀಗ, ಯಾವುದನ್ನೂ ಬಿಟ್ಟಿಲ್ಲ. ಕಳವಾಗದಿರಲಿ ಅಂತ ಇಟ್ಟ ಗುರುತು ಅದು. ನಮಗೀಗ ವಯಸ್ಸು ಹೇಳುವ ಗುರುತಾಗಿದೆ.

ಎಸ್‌ಎಂಆರ್ ಅಂತಿದ್ದರೆ ಸದರ್ನ್ ಮರಾಠಾ ರೈಲ್ವೆಯದು, ಅಂದರೆ 1882ರಿಂದ 1907ರ ಒಳಗಿನದು. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯ ಜೊತೆ ಸೇರಿ ಎಂ ಆ್ಯಂಡ್ ಎಸ್‌ಎಂ ಆಯಿತು. ಊರಿನ ಹಿರಿಯರ ಬಾಯಲ್ಲಿ ಈ ಹೆಸರು ಈಗಲೂ ಒಮ್ಮೊಮ್ಮೆ ಬರುತ್ತದೆ. 1951ರಲ್ಲಿ ಅದು ದಕ್ಷಿಣ ರೈಲ್ವೆಯೊಳಗೆ ಸೇರಿತು, ಅಕ್ಷರ ಎಸ್‌ಆರ್ ಆಯಿತು. 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ ಹುಟ್ಟಿದಾಗ ಹುಬ್ಬಳ್ಳಿ ವಿಭಾಗ ಅತ್ತ ಹೋಯಿತು, ಎಸ್‌ಸಿಆರ್. ಹುಬ್ಬಳ್ಳಿಯೇ ಮುಖ್ಯ ಕಚೇರಿಯಾಗಿ ನೈರುತ್ಯ ರೈಲ್ವೆ ನಡೆಯತೊಡಗಿದ್ದು 2003ರಲ್ಲಿ. ಅಂದರೆ ಒಂದೇ ಸ್ಟೇಷನ್ನಿನ ಬೆಂಚಿಗೆ ನೂರಿಪ್ಪತ್ತು ವರ್ಷದಲ್ಲಿ ಐದು ಹೆಸರು.

ಹಳಿಗೂ ಇಂಥ ಗುರುತು ಇದೆ. ಅಂಗಳದಲ್ಲಿ ಡಬ್ಬಿ ನಿಂತ ಹಳಿಯ ಪಕ್ಕಕ್ಕೆ ಕೂತು ಅದರ ಬದಿಯನ್ನು ನೋಡಿ, ಸಾಧ್ಯವಿದ್ದರೆ ಬೆರಳಾಡಿಸಿ. ಉಬ್ಬಿದ ಅಕ್ಷರಗಳು ತಾಗುತ್ತವೆ. ಕಾರ್ಖಾನೆಯ ಹೆಸರು, ತಯಾರಾದ ವರ್ಷ ಅಲ್ಲಿರುತ್ತದೆ. ಕಬ್ಬಿಣ ಕೆಂಪಗೆ ಕಾದಿರುವಾಗಲೇ ಉರುಳೆಯಿಂದ ಒತ್ತಿದ ಅಕ್ಷರ ಅದು. ಹಳೆಯ ಹಳಿ ಸವೆದ ಮೇಲೂ ರೈಲ್ವೆಯವರು ಬಿಸಾಡುತ್ತಿರಲಿಲ್ಲ. ಬೇಲಿಯ ಕಂಬ, ದೀಪದ ಕಂಬ, ಕೆಲವು ಕಟ್ಟಡಗಳಲ್ಲಿ ಮಾಳಿಗೆಯ ತೊಲೆ ಕೂಡ ಹಳಿಯ ತುಂಡೇ.

ಮೀಟರ್‌ಗೇಜ್ ಅಂದರೇನು?

ಎರಡು ಹಳಿಗಳ ಒಳಬದಿಗಳ ನಡುವಿನ ಅಂತರವೇ ಗೇಜ್. ಬ್ರಾಡ್‌ಗೇಜ್ ಅಂದರೆ 1,676 ಮಿಲಿಮೀಟರ್. ಮೀಟರ್‌ಗೇಜ್ ಹೆಸರೇ ಹೇಳುವಂತೆ 1,000 ಮಿಲಿಮೀಟರ್. ನ್ಯಾರೋಗೇಜ್ ಇನ್ನೂ ಕಿರಿದು, 762 ಅಥವಾ 610.

ಮೀಟರ್‌ಗೇಜ್ ಮಾಡಿದ್ದು ಖರ್ಚು ಉಳಿಸಲು. ಹಳಿ ಹಗುರ ಸಾಕು, ಸೇತುವೆ ಸಣ್ಣದು ಸಾಕು, ತಿರುವು ಬಿಗಿಯಾಗಿದ್ದರೂ ಗಾಡಿ ಹೊರಳುತ್ತದೆ. 1870ರ ಸುಮಾರಿಗೆ ಸರ್ಕಾರ ಇದನ್ನು ಒಪ್ಪಿತು. ಸದರ್ನ್ ಮರಾಠಾದವರೂ ಇದನ್ನೇ ಹಾಕಿದರು.

ಉಳಿಸಿದ ದುಡ್ಡಿನ ಲೆಕ್ಕ ಆಮೇಲೆ ಬಂತು. ಬ್ರಾಡ್‌ಗೇಜ್ ಸಿಕ್ಕ ಕಡೆ ಗಾಡಿ ಮುಂದೆ ಹೋಗುವುದಿಲ್ಲ. ಸಾಮಾನು ಪೂರಾ ಇಳಿಸಿ ಇನ್ನೊಂದು ಗಾಡಿಗೆ ಹೇರಬೇಕು. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಮೀರಜ್ ಸ್ಟೇಷನ್ ಬಗ್ಗೆ ಕೇಳಿ. ಪುಣೆಯಿಂದ ಮೀರಜಿಗೆ 1971ರಲ್ಲಿ ಬ್ರಾಡ್‌ಗೇಜ್ ಬಂತು. ಇತ್ತ ಹುಬ್ಬಳ್ಳಿ ಕಡೆ ಇನ್ನೂ ಮೀಟರ್‌ಗೇಜ್. ಮುಂಬೈಗೆ ಹೊರಟವರು ಟ್ರಂಕು, ಹಾಸಿಗೆ ಸುರುಳಿ, ಬುತ್ತಿಗಂಟು ಹೊತ್ತು ಅಲ್ಲಿ ಇಳಿದು ಗಾಡಿ ಬದಲಿಸಬೇಕಿತ್ತು. 1992ರಲ್ಲಿ ದೇಶಕ್ಕೆಲ್ಲ ಒಂದೇ ಗೇಜ್ ಎಂಬ ಯೋಜನೆ ಶುರುವಾದ ಮೇಲೆ, ಆ ದಶಕದಲ್ಲೇ ಹುಬ್ಬಳ್ಳಿಯ ಮುಖ್ಯ ಮಾರ್ಗಗಳು ಬ್ರಾಡ್‌ಗೇಜ್ ಆದವು. ಅಂಗಳದಲ್ಲಿನ ಹಳೆ ಡಬ್ಬಿ ಯಾಕಿಷ್ಟು ಗಿಡ್ಡ ಅಂತ ಮಗು ಕೇಳಿದರೆ ಉತ್ತರ ಗಾಲಿಯ ಹತ್ತಿರ ಇದೆ. ಚೀಲದಲ್ಲಿ ಒಂದು ಅಳತೆ ಟೇಪ್ ಇದ್ದರೆ ಇನ್ನೂ ಚಲೋ.

ಗೋಡೆಯ ಒಳಗೇನಿದೆ?

ಒಳಗೆ ಹೋದವರು ಗಾಜಿನ ಪೆಟ್ಟಿಗೆ ನೋಡುತ್ತಾರೆ. ಆದರೆ ಇಲ್ಲಿನ ಅತಿ ದೊಡ್ಡ ಹಳೆ ವಸ್ತು ಅಂದರೆ ಕಟ್ಟಡವೇ.

ಆ ಕಾಲದ ಕಟ್ಟಡಕ್ಕೆ ಸಿಮೆಂಟ್ ಇಲ್ಲ. ನಮ್ಮ ದೇಶದಲ್ಲಿ ಸಿಮೆಂಟ್ ಸರಿಯಾಗಿ ತಯಾರಾಗತೊಡಗಿದ್ದೇ 1914ರ ಸುಮಾರಿಗೆ. ಅದಕ್ಕೂ ಮುಂಚೆ ಕಲ್ಲಿಗೆ ಕಲ್ಲು ಹಿಡಿಸುತ್ತಿದ್ದದ್ದು ಸುಣ್ಣದ ಗಚ್ಚು. ಮೊದಲು ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಡುತ್ತಾರೆ. ಶಾಖ ಸುಮಾರು 900 ಡಿಗ್ರಿಗೆ ಏರಿದರೆ ಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ಉಳಿದ ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಬುಸುಗುಟ್ಟಿ ಅರಳುತ್ತದೆ. ಅದನ್ನು ಉಸುಕಿನ ಜೊತೆ ಸೇರಿಸಿ, ಎತ್ತು ಎಳೆಯುವ ಕಲ್ಲಿನ ಗಾಲಿಯಲ್ಲಿ ಅರೆಯುತ್ತಾರೆ. ಕೆಲವು ಕಡೆ ಬೆಲ್ಲದ ನೀರು, ಅಳಲೆಕಾಯಿ ನೀರನ್ನೂ ಸೇರಿಸುವ ರೂಢಿ ಇತ್ತು. ಗೋಡೆಗೆ ಹಾಕಿದ ಮೇಲೆ ಈ ಗಚ್ಚು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಮತ್ತೆ ಹೀರಿಕೊಂಡು ನಿಧಾನಕ್ಕೆ ಸುಣ್ಣದ ಕಲ್ಲೇ ಆಗುತ್ತದೆ. ಎಷ್ಟು ನಿಧಾನ ಅಂದರೆ, ದಪ್ಪ ಗೋಡೆಯ ನಡುಮಧ್ಯದವರೆಗೆ ಗಟ್ಟಿಯಾಗಲು ವರ್ಷಗಳೇ ಬೇಕು.

ಸಿಮೆಂಟಿಗೂ ಇದಕ್ಕೂ ಏನು ಫರಕು? ಸಿಮೆಂಟ್ ಗಟ್ಟಿ, ಆದರೆ ಬಾಗುವುದಿಲ್ಲ, ನೀರಿನ ಪಸೆಯನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಗಚ್ಚು ಮೆದು, ಅದರಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರ. ಬೇಸಿಗೆಯಲ್ಲಿ ನೀರು ತುಂಬಿಟ್ಟ ಮಣ್ಣಿನ ಗಡಿಗೆ ಹೊರಗಡೆ ಬೆವರುತ್ತದಲ್ಲ, ಸುಣ್ಣದ ಗೋಡೆ ಮಾಡುವುದೂ ಅದನ್ನೇ. ನೆಲದಿಂದ ಏರಿದ ಪಸೆ, ಮಳೆಗೆ ಹೀರಿದ ನೀರು, ಎರಡೂ ಗೋಡೆಯ ಮೈಯಿಂದ ಆವಿಯಾಗಿ ಹೋಗುತ್ತವೆ.

ಹುಬ್ಬಳ್ಳಿಯಂಥ ಊರಿಗೆ ಇನ್ನೊಂದು ಲಾಭ ಇದೆ. ಹುಬ್ಬಳ್ಳಿಯಿಂದ ಗದಗ, ನವಲಗುಂದ ಕಡೆ ಹೋದಂತೆ ಎರೆ ಭೂಮಿ. ಮಳೆಗೆ ಎರೆ ಮಣ್ಣು ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ. ಹೊಲದಲ್ಲಿ ಕೈ ಇಳಿಯುವಷ್ಟು ಬಿರುಕು ನೋಡಿಯೇ ಇರುತ್ತೀರಿ. ಇಂಥ ನೆಲದ ಮೇಲೆ ಮನೆ ವರ್ಷಾ ವರ್ಷ ಒಂಚೂರು ಅಲುಗುತ್ತಲೇ ಇರುತ್ತದೆ. ಸಿಮೆಂಟ್ ಗೋಡೆಯಾದರೆ ಸೀಳು ಬಿಡುತ್ತದೆ. ಗಚ್ಚಿನ ಗೋಡೆ ಒಂದಿಷ್ಟು ಹೊಂದಿಕೊಳ್ಳುತ್ತದೆ. ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಒಳಗೆ ಇಳಿದ ಮಳೆನೀರು ಸುಣ್ಣವನ್ನು ಕರಗಿಸಿ ಆ ಬಿರುಕಿನಲ್ಲೇ ಮತ್ತೆ ಕೂರಿಸುತ್ತದೆ. ಸಣ್ಣ ಗಾಯ ತಾನೇ ಮಾಯುತ್ತದೆ ಅನ್ನಿ. ದೊಡ್ಡ ಬಿರುಕಿಗೆ ಮಾತ್ರ ಗೌಂಡಿಯೇ ಬೇಕು.

ಮೇಲೆ ನೋಡಿ. ಆ ಕಾಲದ ರೈಲ್ವೆ ಮನೆಗಳ ಛಾವಣಿ ಎತ್ತರ. ಬಿಸಿ ಗಾಳಿ ಮೇಲಕ್ಕೆ ಏರಿ, ಗೋಡೆಯ ತುದಿಯ ಕಿಂಡಿಯಿಂದ ಹೊರಗೆ ಹೋಗಲಿ ಅಂತ. ಮುಂದಿನ ವರಾಂಡ ಬಿಸಿಲು ನೇರ ಗೋಡೆಗೆ ಬೀಳದಂತೆ ತಡೆಯುತ್ತದೆ. ಫ್ಯಾನೂ ಇಲ್ಲದ ಕಾಲದಲ್ಲಿ ಏಪ್ರಿಲ್ ತಿಂಗಳು ಕಳೆಯಲು ಮಾಡಿಕೊಂಡ ಏರ್ಪಾಡು ಇದು.

ಹಂಚಿನ ಕಥೆ ಕರಾವಳಿಯದು. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿತು. ಅದೇ ಮಿಷನ್ 1837ರಷ್ಟು ಹಿಂದೆಯೇ ಧಾರವಾಡಕ್ಕೆ, ಆಮೇಲೆ ಹುಬ್ಬಳ್ಳಿಗೆ, ಗದಗಿನ ಬೆಟಗೇರಿಗೆ ಬಂದಿತ್ತು. ಮಂಗಳೂರು ಹಂಚು ಒಂದಕ್ಕೊಂದು ಕಚ್ಚಿ ಕೂರುತ್ತದೆ. ಹಾಗಾಗಿ ಹಳೆ ನಾಡಹಂಚಿನ ಹಾಗೆ ಒಂದರ ಮೇಲೊಂದು ಜಾಸ್ತಿ ಹೇರಬೇಕಿಲ್ಲ. ಛಾವಣಿ ಹಗುರ, ತೊಲೆಗೆ ಭಾರ ಕಡಿಮೆ. ಒಂದು ಒಡೆದರೆ ಅದೊಂದನ್ನೇ ಬದಲಿಸಬಹುದು. ನಿಮ್ಮ ಊರಿನ ಹಳೆ ಮನೆಯಲ್ಲಿ ಇಂಥ ಹಂಚು ಇಳಿಸಿದ್ದರೆ ತಿರುವಿ ನೋಡಿ, ಕಾರ್ಖಾನೆಯ ಹೆಸರು ಒತ್ತಿರುತ್ತದೆ.

ಜೀರ್ಣೋದ್ಧಾರಕ್ಕೂ ನವೀಕರಣಕ್ಕೂ ವ್ಯತ್ಯಾಸ

ನವೀಕರಣ ಅಂದರೆ ಹಳೆಯದನ್ನು ತೆಗೆದು ಹೊಸದು ಹಾಕುವುದು. ಟೈಲ್ಸ್, ಅಲ್ಯೂಮಿನಿಯಂ ಕಿಟಕಿ, ಹೊಳೆಯುವ ಬಣ್ಣ. ಕಟ್ಟಡ ಚೆಂದ ಕಾಣುತ್ತದೆ, ಆದರೆ ಅದು ಹಳೆಯ ಕಟ್ಟಡ ಆಗಿ ಉಳಿಯುವುದಿಲ್ಲ. ಪಾರಂಪರಿಕ ಕಟ್ಟಡ ಉಳಿಸುವವರ ಕ್ರಮ ಬೇರೆ. ಇದ್ದದ್ದು ಆದಷ್ಟೂ ಇರಲಿ. ಬದಲಿಸಲೇಬೇಕಾದರೆ ಅದೇ ಬಗೆಯ ಸಾಮಗ್ರಿ ಬಳಸಿ. ಹೊಸದು ಯಾವುದು, ಹಳೆಯದು ಯಾವುದು ಅಂತ ತಿಳಿದವರಿಗೆ ಗೊತ್ತಾಗುವಂತಿರಲಿ. 1964ರಲ್ಲಿ ಇಟಲಿಯ ವೆನಿಸ್ಸಿನಲ್ಲಿ ಪರಿಣತರು ಸೇರಿ ಒಪ್ಪಿಕೊಂಡ ನಿಯಮಾವಳಿಯ ತಿರುಳು ಇದೇ. ಜಗತ್ತಿನ ಬಹಳಷ್ಟು ಕಡೆ ಇದನ್ನೇ ಆಧಾರವಾಗಿ ಇಟ್ಟುಕೊಳ್ಳುತ್ತಾರೆ.

ಅತಿ ಸಾಮಾನ್ಯ ತಪ್ಪು ಅಂದರೆ ಸುಣ್ಣದ ಗೋಡೆಗೆ ಸಿಮೆಂಟ್ ಗಿಲಾಯಿ. ಮನೆಯಲ್ಲೂ ಇದನ್ನು ನೋಡಿರಬಹುದು. ಹಳೆ ಕಲ್ಲಿನ ಮನೆಗೆ ಹೊರಗಿನಿಂದ ಸಿಮೆಂಟ್ ಬಳಿದು, ಮೇಲೆ ಪ್ಲಾಸ್ಟಿಕ್ ಬಣ್ಣ ಹಚ್ಚುತ್ತಾರೆ. ಎರಡು ಮಳೆಗಾಲ ಚೆನ್ನಾಗಿಯೇ ಇರುತ್ತದೆ. ಆಮೇಲೆ ನೆಲದಿಂದ ಮೊಣಕಾಲೆತ್ತರಕ್ಕೆ ಬಣ್ಣ ಗುಳ್ಳೆ ಏಳುತ್ತದೆ, ಬಿಳಿ ಉಪ್ಪು ಹೂವಿನಂತೆ ಒಡೆದು ಬರುತ್ತದೆ. ಪಸೆ ಹೊರಗೆ ಹೋಗಲು ದಾರಿ ಇಲ್ಲದೆ ಒಳಗೇ ನಿಲ್ಲುತ್ತದೆ. ಜೊತೆಗೆ ಬಂದ ಉಪ್ಪು ಹರಳುಗಟ್ಟಿ ಒಳಗಿನ ಮೆತ್ತನೆಯ ಗಚ್ಚನ್ನೂ ಕಲ್ಲನ್ನೂ ಪುಡಿ ಮಾಡುತ್ತದೆ. ಜನ ಮತ್ತೆ ಸಿಮೆಂಟ್ ಹಾಕಿಸುತ್ತಾರೆ. ರೋಗಕ್ಕೆ ಕಾರಣವಾದದ್ದನ್ನೇ ಔಷಧಿ ಅಂತ ಕೊಟ್ಟಂಗೆ.

ಹಳೆ ಕಟ್ಟಡಕ್ಕೆ ಹೊಸ ಕೆಲಸ ಕೊಡುವುದೂ ಉಳಿಸುವ ಒಂದು ದಾರಿ. ಖಾಲಿ ಬಿದ್ದ ಮನೆಯ ಹಂಚು ಒಡೆದರೆ ಕೇಳುವವರಿಲ್ಲ. ಒಂದು ಹಂಚಿನ ಕಿಂಡಿಯಿಂದ ನೀರು ಇಳಿದು, ತೊಲೆ ಕೊಳೆತು, ಛಾವಣಿ ಕೂರುತ್ತದೆ. ದಿನಾ ಜನ ಓಡಾಡುವ ಮ್ಯೂಸಿಯಂ ಆದರೆ ಸೋರಿದ್ದು ಅವತ್ತೇ ಕಣ್ಣಿಗೆ ಬೀಳುತ್ತದೆ.

ಕಬ್ಬಿಣದ ಚೆಂಡಿನ ಗುಟ್ಟು

ಈಗ ಮಕ್ಕಳ ಪ್ರಶ್ನೆಗೆ ಬರೋಣ. ರೈಲ್ವೆ ಮ್ಯೂಸಿಯಂಗಳಲ್ಲಿ ಕಾಣುವ ವಸ್ತುಗಳಲ್ಲಿ ನನ್ನ ಮಟ್ಟಿಗೆ ಅತಿ ಜಾಣತನದ್ದು ಈ ಟೋಕನ್ ಯಂತ್ರ. ನೋಡಲು ಮಾತ್ರ ಏನೇನೂ ಇಲ್ಲ, ಗೋಡೆ ಪಕ್ಕ ಒಂದು ದಪ್ಪ ಕಬ್ಬಿಣದ ಪೆಟ್ಟಿಗೆ.

ಮೊದಲು ತೊಂದರೆ ಏನು ಅಂತ ನೋಡೋಣ. ಎರಡು ಸ್ಟೇಷನ್ ನಡುವೆ ಒಂದೇ ಜೋಡಿ ಹಳಿ. ಹೋಗುವ ಗಾಡಿಯೂ ಬರುವ ಗಾಡಿಯೂ ಅದರ ಮೇಲೇ. ಎರಡೂ ಕಡೆಯಿಂದ ಒಟ್ಟಿಗೆ ಹೊರಟರೆ ನಡುವೆ ಎಲ್ಲೋ ಎದುರಾಬದುರು. ರೈಲಿಗೆ ಬ್ರೇಕ್ ಹಾಕಿದರೂ ನಿಲ್ಲಲು ನೂರಾರು ಮೀಟರ್ ಬೇಕು. ಕಂಡ ಮೇಲೆ ಮಾಡುವುದೇನೂ ಉಳಿದಿರುವುದಿಲ್ಲ. ಸ್ಟೇಷನ್ ಮಾಸ್ತರರು ತಂತಿಯಲ್ಲೋ ಫೋನಿನಲ್ಲೋ ಮಾತಾಡಿಕೊಂಡರೆ ಸಾಲದು. ಮನುಷ್ಯ ಮರೆಯುತ್ತಾನೆ, ರಾತ್ರಿ ಪಾಳಿಯಲ್ಲಿ ತೂಕಡಿಸುತ್ತಾನೆ.

ಅದಕ್ಕೆ ಎರಡೂ ಸ್ಟೇಷನ್ನಿನಲ್ಲಿ ಒಂದೊಂದು ಯಂತ್ರ ಇಟ್ಟು, ತಂತಿಯಿಂದ ಜೋಡಿಸಿದರು. ಎರಡರೊಳಗೂ ಲೋಹದ ಚೆಂಡುಗಳಿವೆ. ಅವೇ ಟೋಕನ್. ಧಾರವಾಡದ ಕಡೆಯಿಂದ ಗಾಡಿ ಬಿಡಬೇಕು ಅಂದುಕೊಳ್ಳಿ. ಅಲ್ಲಿನ ಮಾಸ್ತರ ಗಂಟೆ ಹೊಡೆದು ಮುಂದಿನ ಸ್ಟೇಷನ್ನಿಗೆ ತಿಳಿಸುತ್ತಾನೆ. ಅಲ್ಲಿನವನು ಹಾದಿ ಖಾಲಿ ಇದೆ ಅಂತ ಖಾತ್ರಿ ಮಾಡಿಕೊಂಡು ತನ್ನ ಯಂತ್ರದ ಹಿಡಿಕೆ ತಿರುಗಿಸುತ್ತಾನೆ. ಆಗ ಮಾತ್ರ ಧಾರವಾಡದ ಕಡೆಯ ಯಂತ್ರದಿಂದ ಒಂದು ಚೆಂಡು ಹೊರಬರುತ್ತದೆ. ಅದು ಹೊರಬಂದ ಕೂಡಲೇ ಎರಡೂ ಯಂತ್ರಕ್ಕೆ ಬೀಗ. ಎಷ್ಟು ಎಳೆದಾಡಿದರೂ ಯಾವ ಕಡೆಯಿಂದಲೂ ಇನ್ನೊಂದು ಚೆಂಡು ಬರುವುದಿಲ್ಲ. ಆ ಚೆಂಡು ಯಂತ್ರದೊಳಗೆ ವಾಪಸ್ ಬಿದ್ದ ಮೇಲೆಯೇ ಬೀಗ ಬಿಡುವುದು.

ಚೆಂಡು ಕೈಯಲ್ಲಿ ಇಲ್ಲದೆ ಡ್ರೈವರ್ ಗಾಡಿ ಮುಂದೆ ಬಿಡುವಂತಿಲ್ಲ. ಚೆಂಡಿನ ಮೇಲೆ ಯಾವ ಎರಡು ಸ್ಟೇಷನ್ನಿನ ನಡುವಿನದು ಅಂತ ಕೆತ್ತಿರುತ್ತದೆ. ಅದನ್ನು ಓದಿ ನೋಡಿಕೊಳ್ಳುವುದು ಅವನ ಕೆಲಸ. ಹೊರಗೆ ಒಂದೇ ಚೆಂಡು ಇರಲು ಸಾಧ್ಯ ಅಂದ ಮೇಲೆ ಆ ಹಾದಿಯಲ್ಲಿ ಒಂದೇ ಗಾಡಿ.

ಇನ್ನು ಬೆತ್ತದ ಬಳೆ. ಎಲ್ಲ ಗಾಡಿಗಳೂ ಎಲ್ಲ ಸ್ಟೇಷನ್ನಿನಲ್ಲಿ ನಿಲ್ಲುವುದಿಲ್ಲ, ಆದರೆ ಪ್ರತಿ ಸ್ಟೇಷನ್ನಿನಲ್ಲೂ ಚೆಂಡು ಬದಲಾಗಬೇಕು. ಹಾಗಾಗಿ ಚೆಂಡನ್ನು ಚರ್ಮದ ಚೀಲದಲ್ಲಿ ಹಾಕಿ, ಚೀಲವನ್ನು ದೊಡ್ಡ ಬಳೆಗೆ ಕಟ್ಟುತ್ತಿದ್ದರು. ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ಆ ಬಳೆ ಎತ್ತಿ ಹಿಡಿದು ನಿಲ್ಲುತ್ತಿದ್ದ. ಓಡುವ ಎಂಜಿನ್ನಿನಿಂದ ಫೈರ್‌ಮನ್, ಅಂದರೆ ಒಲೆಗೆ ಕಲ್ಲಿದ್ದಲು ಹಾಕುವವನು, ಹೊರಗೆ ಬಾಗಿ, ಹಳೆ ಬಳೆ ಎಸೆದು, ಹೊಸ ಬಳೆಯೊಳಗೆ ತೋಳು ತೂರಿಸಿ ಎಳೆದುಕೊಳ್ಳುತ್ತಿದ್ದ. ರಾತ್ರಿ, ಮಳೆ, ಹೊಗೆ ಏನೇ ಇರಲಿ, ತಪ್ಪಿದರೆ ಗಾಡಿ ನಿಲ್ಲಿಸಲೇಬೇಕು. ಹೊಸಬರ ತೋಳು ಬಾತುಕೊಳ್ಳುತ್ತಿತ್ತು.

ಒಂದು ಸಣ್ಣ ಪೇಚೂ ಇತ್ತು. ಒಂದೇ ದಿಕ್ಕಿನಲ್ಲಿ ಹೆಚ್ಚು ಗಾಡಿ ಹೋದರೆ ಒಂದು ಯಂತ್ರ ಖಾಲಿಯಾಗಿ ಇನ್ನೊಂದರಲ್ಲಿ ಚೆಂಡು ತುಂಬಿಕೊಳ್ಳುತ್ತವೆ. ಮಾಸ್ತರ ತಾನೇ ತೆಗೆದು ಕಳಿಸುವಂತಿಲ್ಲ. ಅದಕ್ಕೆ ಅಧಿಕಾರ ಇರುವ ಸಿಗ್ನಲ್ ವಿಭಾಗದವರು ಬಂದು, ಪುಸ್ತಕದಲ್ಲಿ ಬರೆದು, ಎಣಿಸಿ ಸಾಗಿಸಬೇಕು. ಜೋಡಿ ಹಾದಿ ಬಂದ ಕಡೆ ಈ ತಾಪತ್ರಯವೇ ಇಲ್ಲ, ಯಂತ್ರವೂ ಬೇಡ.

ಸಿಗ್ನಲ್ ಯಾಕೆ ಬೀಳುತ್ತಿತ್ತು?

"ಸಿಗ್ನಲ್ ಬಿತ್ತು, ಗಾಡಿ ಬಂತು" ಅಂತ ಹಿರಿಯರು ಹೇಳುತ್ತಾರೆ. ಹಳೆಯ ಸಿಗ್ನಲ್ ಅಂದರೆ ಕಂಬಕ್ಕೆ ಕಟ್ಟಿದ ಒಂದು ಕೈ. ಅಡ್ಡ ಇದ್ದರೆ ನಿಲ್ಲು, ಕೆಳಗೆ ವಾಲಿದರೆ ಹೋಗು. ಕ್ಯಾಬಿನ್ನಿನಿಂದ ಲಿವರ್ ಎಳೆದರೆ ಉದ್ದದ ತಂತಿ ಎಳೆದು ಕೈ ವಾಲುತ್ತಿತ್ತು. ಕಂಬದ ಬುಡದಲ್ಲಿ ಒಂದು ಭಾರದ ಗುಂಡು ಇದ್ದರೆ ಮಕ್ಕಳಿಗೆ ತೋರಿಸಿ. ತಂತಿ ತುಂಡಾದರೆ ಆ ಭಾರ ಕೈಯನ್ನು ಮತ್ತೆ ಅಡ್ಡಕ್ಕೆ ತರುತ್ತದೆ. ಕೆಟ್ಟರೂ ನಿಲ್ಲು ಅಂತಲೇ ಹೇಳಬೇಕು, ಹೋಗು ಅಂತ ಹೇಳಬಾರದು. ಇವತ್ತಿನ ಬಣ್ಣದ ದೀಪದ ಸಿಗ್ನಲ್, ಕಂಪ್ಯೂಟರ್ ವ್ಯವಸ್ಥೆ ಎಲ್ಲಕ್ಕೂ ಇದೇ ನಿಯಮ.

ರಟ್ಟಿನ ಟಿಕೆಟ್

ಅಂಗೈಯಲ್ಲಿ ಮುಚ್ಚಿಹೋಗುವ ದಪ್ಪ ರಟ್ಟು, ಉದ್ದ 57 ಮಿಲಿಮೀಟರ್, ಅಗಲ ಸುಮಾರು 30. ಇಂಗ್ಲೆಂಡಿನ ಥಾಮಸ್ ಎಡ್ಮಂಡ್ಸನ್ ಎಂಬ ಸ್ಟೇಷನ್ ಮಾಸ್ತರ 1830ರ ದಶಕದ ಕೊನೆಗೆ ಮಾಡಿದ ಉಪಾಯ. ಅದಕ್ಕೂ ಮುಂಚೆ ಗುಮಾಸ್ತ ಒಬ್ಬೊಬ್ಬರಿಗೂ ಕೈಯಲ್ಲಿ ಚೀಟಿ ಬರೆದು ಕೊಡುತ್ತಿದ್ದ. ಸಾಲು ಉದ್ದ, ಜೊತೆಗೆ ದುಡ್ಡು ಜೇಬಿಗೆ ಇಳಿಸುವುದೂ ಸುಲಭ.

ಎಡ್ಮಂಡ್ಸನ್ ಟಿಕೆಟ್ಟಿಗೆ ಕ್ರಮವಾಗಿ ನಂಬರ್ ಹಾಕಿಸಿದ. ಒಂದೊಂದು ಊರಿಗೆ, ಒಂದೊಂದು ದರ್ಜೆಗೆ ಬೇರೆ ಬೇರೆ ಕಟ್ಟು. ಅಲಮಾರಿನ ಒಂದೊಂದು ಕೊಳವೆಯಲ್ಲಿ ಒಂದೊಂದು ಕಟ್ಟು ನಿಲ್ಲಿಸಿ, ಕೆಳಗಿನಿಂದ ಒಂದೊಂದೇ ಎಳೆಯುವುದು. ಗದಗಿನ ಕಟ್ಟು ಬೆಳಿಗ್ಗೆ 0412ರಲ್ಲಿತ್ತು, ಸಂಜೆಗೆ 0451ರಲ್ಲಿ ನಿಂತಿದೆ ಅಂದರೆ 39 ಟಿಕೆಟ್ ಹೋಗಿವೆ. ದರದಿಂದ ಗುಣಿಸಿದರೆ ಪೆಟ್ಟಿಗೆಯಲ್ಲಿ ಇರಬೇಕಾದ ದುಡ್ಡು ಸಿಕ್ಕಿತು. ಒಂದೊಂದು ಟಿಕೆಟ್ಟನ್ನೂ ಪುಸ್ತಕದಲ್ಲಿ ಬರೆಯುವುದು ಬೇಡ. ಕೌಂಟರಿನ ಮೇಲೆ ಕೂತಿರುತ್ತಿದ್ದ ಕಬ್ಬಿಣದ ಯಂತ್ರಕ್ಕೆ ಟಿಕೆಟ್ ತೂರಿಸಿದರೆ ಖಟ್ ಅಂತ ತಾರೀಖು ಬೀಳುತ್ತಿತ್ತು. ಆ ಸದ್ದು ಕೇಳಿ ಬೆಳೆದವರು ಇವತ್ತಿಗೂ ಮ್ಯೂಸಿಯಂನಲ್ಲಿ ಆ ಯಂತ್ರ ಕಂಡರೆ ಒತ್ತಿ ನೋಡಲು ಕೈ ಚಾಚುತ್ತಾರೆ. ಮುಟ್ಟಬೇಡಿ ಅಂತ ಫಲಕ ಇದ್ದರೆ ಸುಮ್ನೆ ನೋಡಿ ಬನ್ನಿ. ಕೈಯ ಬೆವರಿನ ಉಪ್ಪು ಕಬ್ಬಿಣಕ್ಕೆ ತುಕ್ಕು ತರುತ್ತದೆ.

ಧಾರವಾಡದಲ್ಲಿ ಉಳಿದ ಭಾಗ

ಈ ಕಥೆಯ ಇನ್ನೊಂದು ದೊಡ್ಡ ಕಟ್ಟಡ ಇರುವುದು ಮ್ಯೂಸಿಯಂನಲ್ಲಿ ಅಲ್ಲ. ಕಂಪನಿಯ ಮುಖ್ಯ ಕಚೇರಿ ಧಾರವಾಡದಲ್ಲಿತ್ತು ಅಂದೆನಲ್ಲ. 1908ರಲ್ಲಿ ಎರಡು ಕಂಪನಿ ಕೂಡಿದ ಮೇಲೆ ಮುಖ್ಯ ಕಚೇರಿ ಮದ್ರಾಸಿನಲ್ಲಿ ನಿಂತಿತು. ಧಾರವಾಡದ ಭಾರಿ ಕಟ್ಟಡಕ್ಕೆ ಕೆಲಸ ಇಲ್ಲದಂತಾಯಿತು. ಅದೇ ಹೊತ್ತಿಗೆ ಈ ಭಾಗದ ಹುಡುಗರು ಕಾಲೇಜು ಓದಲು ಪುಣೆ, ಮುಂಬೈಗೆ ಹೋಗಬೇಕಿತ್ತು. ನಮ್ಮಲ್ಲೇ ಒಂದು ಕಾಲೇಜು ಬೇಕು ಅಂತ ಜನ ಒತ್ತಾಯಿಸುತ್ತಿದ್ದರು. 1917ರಲ್ಲಿ ಕರ್ನಾಟಕ ಕಾಲೇಜು ಶುರುವಾಯಿತು, ಆಮೇಲೆ ಈ ರೈಲ್ವೆ ಕಟ್ಟಡಕ್ಕೆ ಬಂತು. ಇಂದಿಗೂ ಅಲ್ಲೇ ಇದೆ.

ಹುಬ್ಬಳ್ಳಿ ಮ್ಯೂಸಿಯಂ ನೋಡಿದ ದಿನವೇ ಅಲ್ಲಿಗೂ ಹೋಗುವುದಾದರೆ ಬೆಳಕಿರುವಾಗಲೇ ಹೋಗಿ. ಪಾಠ ನಡೆಯುವ ಕಾಲೇಜು ಅದು. ಪರೀಕ್ಷೆ ಇದ್ದರೆ ಒಳಗೆ ತಿರುಗಾಡುವಂತಿಲ್ಲ, ಹೊರಗಿನಿಂದಲೇ ನೋಡಬೇಕು. ಮ್ಯೂಸಿಯಂಗೂ ಅಷ್ಟೇ, ವಾರದ ರಜೆ ಯಾವತ್ತು, ಎಷ್ಟು ಹೊತ್ತಿಗೆ ತೆರೆಯುತ್ತಾರೆ ಅಂತ ಫೋನ್ ಮಾಡಿ ಕೇಳಿಕೊಂಡು ಹೊರಡಿ.